ಸೋಫಾ ಬಿಚ್ಚುವ ದಿನ

ಆ ಬೀದಿಯಲ್ಲಿ ಯಾರ ಮನೆಗೆ ಹೋಗಿ ಕೂತರೂ ನಿಮ್ಮ ಭಾರ ಹೊರುವುದು ಮೇಸ್ತ್ರಿಯ ಕೈಕೆಲಸವೇ. ಸೋಫಾ ರಿಪೇರಿ ಅವನ ಕಸುಬು. ಸ್ಪ್ರಿಂಗು ಕುಸಿದದ್ದು, ಫೋಮು ಚಪ್ಪಟೆಯಾದದ್ದು, ಬೆಕ್ಕು ಪರಚಿ ಚಿಂದಿ ಮಾಡಿದ್ದು, ಮಕ್ಕಳು ಕುಣಿದು ಕುಣಿದು ಸೊಂಟ ಮುರಿದದ್ದು, ಎಲ್ಲವೂ ಅವನ ಅಂಗಡಿಗೆ ನರಳುತ್ತ ಬಂದು ಎದೆಯುಬ್ಬಿಸಿಕೊಂಡು ಹೊರಡುತ್ತವೆ. ಆದರೆ ಅಂಗಡಿಯ ಮೇಲಿನ ಮಹಡಿಯಲ್ಲಿರುವ ಅವನ ಸ್ವಂತ ಮನೆಯ ಸೋಫಾ ನೋಡಬೇಕು! ದೀಪದ ಬುಡ ಕತ್ತಲು ಅಂತಾರಲ್ಲ, ಹಾಗೆ. ಒಂದು ಕೈ ಕಂದು, ಇನ್ನೊಂದು ಕೈ ಹಸಿರು, ಬೆನ್ನಿಗೆ ಯಾವನೋ ಗಿರಾಕಿ ಬೇಡವೆಂದು ಬಿಟ್ಟುಹೋದ ಹೂವಿನ ಬಟ್ಟೆ. ಕೂರುವ ಜಾಗಕ್ಕೂ ಒರಗುವ ಜಾಗಕ್ಕೂ ನಡುವೆ ಒಂದು ಅಗಲವಾದ ಸಂದು. ಆ ಸಂದಿಗೆ ಮಹಾ ಹಸಿವು. ಬಾಚಣಿಗೆ, ಪೆನ್ನು, ಗುಂಡಿ, ಬೀಗದ ಕೈ, ಕನ್ನಡಕ, ಏನು ಸಿಕ್ಕರೂ ನುಂಗಿ ಏನೂ ಗೊತ್ತಿಲ್ಲದ ಹಾಗೆ ಸುಮ್ಮನಿರುತ್ತಿತ್ತು.

"ಅದನ್ನ ಒಂದು ಸಲ ಮುಚ್ಚಬಾರದೇನ್ರೀ?" ಅಂತ ಹೆಂಡತಿ ಒಂದು ಕಾಲದಲ್ಲಿ ಕೇಳುತ್ತಿದ್ದಳು. ಈಗ ಕೇಳುವುದಿಲ್ಲ. ಆ ಸಂದು ಮುಚ್ಚಿದರೆ ಮನೆಯ ದೊಡ್ಡ ಸಂಭ್ರಮವೇ ಮುಚ್ಚಿಹೋಗುತ್ತದೆ ಎನ್ನುವುದು ಅವಳಿಗೂ ಗೊತ್ತಾಗಿತ್ತು.

ಅದು ಶುರುವಾದದ್ದು ಹೀಗೆ. ವರ್ಷದ ಕೊನೆಯ ರಜೆ ಬಂತೆಂದರೆ ಎಲ್ಲರ ಮನೆಗೂ ನೆಂಟರು, ನೆಂಟರು ಬಂದರೆ ಕೂರಲು ಸೋಫಾ ಬೇಕು. ಹಾಗಾಗಿ ಆಗ ಮೇಸ್ತ್ರಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರುತ್ತಿರಲಿಲ್ಲ. ಕೊನೆಯ ಸೋಫಾ ಗಾಡಿ ಹತ್ತಿಸಿ ಶಟರ್ ಎಳೆಯುವ ಹೊತ್ತಿಗೆ ಅವನ ಬೆನ್ನೇ ರಿಪೇರಿಗೆ ಬಂದಿರುತ್ತಿತ್ತು. ಮಗ ಚಿಕ್ಕವನಿದ್ದಾಗ ಒಂದು ವರ್ಷ, "ಎಲ್ರೂ ಎಲ್ಲೆಲ್ಲಿಗೋ ಹೋಗ್ತಾರೆ, ನಾವು ಮಾತ್ರ ಎಲ್ಲಿಗೂ ಹೋಗಲ್ಲ" ಅಂತ ಮುಖ ಊದಿಸಿಕೊಂಡು ಕೂತ. "ಯಾರು ಹೇಳಿದ್ದು? ಇವತ್ತು ನಿಧಿ ಅಗೆಯೋಕೆ ಹೋಗ್ತಿದ್ದೀವಿ. ಟಾರ್ಚು ಹುಡುಕ್ಕೊಂಡು ಬಾ ಹೋಗು!" ಅಂದ ಮೇಸ್ತ್ರಿ. ಹುಡುಗ ಟಾರ್ಚು ಹುಡುಕಿ ಬರುವಷ್ಟರಲ್ಲಿ, ಗಿರಾಕಿಗಳ ಸೋಫಾಗಳಲ್ಲಿ ಸಿಕ್ಕಿ ಯಾರೂ ಕೇಳದೆ ಅವನ ಡಬ್ಬಿ ಸೇರಿದ್ದ ಗೋಲಿ, ಸೀಟಿ, ಬಣ್ಣದ ಪೆನ್ಸಿಲ್ಲುಗಳ ಜೊತೆ ಒಂದಿಷ್ಟು ಚಾಕೊಲೇಟೂ ಸಂದಿಗೆ ಇಳಿದಿದ್ದವು. ಸೋಫಾವನ್ನು ಬೋರಲು ಹಾಕಿ ತಳದ ಕರಿ ಬಟ್ಟೆಯ ಹೊಲಿಗೆ ಬಿಚ್ಚಿದರೆ ಎಲ್ಲವೂ ಒಂದೊಂದಾಗಿ ಕೈಗೆ ಸಿಕ್ಕವು. ಹುಡುಗ ಹುಚ್ಚೆದ್ದು ಕುಣಿದ. ಚಾಕೊಲೇಟು ಸೋಫಾದಲ್ಲಿ ಬೆಳೆಯುವುದಿಲ್ಲ ಅಂತ ಅವನಿಗೆ ತಿಳಿಯುವ ಹೊತ್ತಿಗೆ ಅದು ಮನೆಯ ಕಟ್ಟಳೆಯೇ ಆಗಿಹೋಗಿತ್ತು.

ಕಟ್ಟಳೆ ಅಂದರೆ ಕಟ್ಟಳೆ. ರಜೆಯ ಮೊದಲ ದಿನ, ಬೆಳಗಿನ ಚಹಾ ಆದ ಮೇಲೆ ಬಿಚ್ಚಬೇಕು, ಅದಕ್ಕೆ ಮುಂಚೆ ಯಾರೂ ಕೈ ಹಾಕುವಂತಿಲ್ಲ. ಬಿಚ್ಚುವವನೂ ಮೇಸ್ತ್ರಿ, ಹೊಲಿಯುವವನೂ ಮೇಸ್ತ್ರಿ. ಸಿಕ್ಕ ವಸ್ತುವನ್ನು ನೀನೇ ಕದ್ದೆ, ನೀನೇ ಕಳೆದೆ ಅಂತ ಯಾರ ಮೇಲೆ ಅಪವಾದ ಹೊರಿಸಿದ್ದರೋ ಅವರ ಮುಂದೆ ಕಿವಿ ಹಿಡಿದುಕೊಳ್ಳಬೇಕು. ಪ್ರತಿವರ್ಷ ಹೆಚ್ಚು ಸಲ ಕಿವಿ ಹಿಡಿದುಕೊಳ್ಳುತ್ತಿದ್ದವಳು ಮೇಸ್ತ್ರಿಯ ಹೆಂಡತಿಯೇ.

ಬೀದಿಯವರು ಅವಳಿಗೆ ಇಟ್ಟ ಹೆಸರು ರೇಡಿಯೊ. ಬೆಳಿಗ್ಗೆ ಹಾಲು ತರುವವನಿಂದ ಶುರುವಾದರೆ ಅವಳ ಬಾಯಿಗೆ ಬಿಡುವಿಲ್ಲ. "ಅಲ್ರೀ, ಒದ್ದೆ ಟವೆಲ್ ಹಾಸಿಗೆ ಮೇಲೆ ಹಾಕಿದ್ದೀರಲ್ಲ, ಹಾಸಿಗೆಗೇನು ಜ್ವರ ಬಂದಿದೆಯಾ?" "ಏನೋ, ಫ್ರಿಜ್ಜಿನ ಬಾಗಿಲು ತೆಗೆದು ನಿಂತೇ ಇದ್ದೀಯ, ಒಳಗೇನು ಸಿನಿಮಾ ತೋರಿಸ್ತಿದ್ದಾರಾ?" ಕೇಳಿದವರು ಈ ಮನೆಯಲ್ಲಿ ಜಗಳ ಅಂದುಕೊಳ್ಳಬೇಕು. ಜಗಳವೂ ಅಲ್ಲ, ಮಣ್ಣೂ ಅಲ್ಲ. "ಅವಳು ಬೈತಿಲ್ಲ ಅಂದ್ರೆ ಒಂದೋ ಅವಳಿಗೆ ಹುಷಾರಿಲ್ಲ, ಇಲ್ಲಾ ಎದುರಿಗಿರೋರು ಹೊರಗಿನೋರು" ಅನ್ನುತ್ತಿದ್ದ ಮೇಸ್ತ್ರಿ.

ಅದಕ್ಕೇ, ಸೊಸೆ ಮನೆಗೆ ಬಂದ ಮೇಲೆ ಅವನಿಗೆ ಚಿಂತೆ ಹತ್ತಿದ್ದು. ಹುಡುಗಿ ಔಷಧದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು, ಅಪರಂಜಿಯಂಥವಳು. ಅವಳ ಮುಂದೆ ರೇಡಿಯೊ ದನಿಗೆ ಜೇನು ಸವರಿದಂತಾಗುತ್ತಿತ್ತು. "ನೀನು ಕೂತ್ಕೋ ತಾಯಿ, ನಾನು ಮಾಡ್ತೀನಿ." "ಸುಸ್ತಾಗಿರುತ್ತೆ ತಾಯಿ, ಮಲಕ್ಕೋ." ಒಂದು ದಿನ ಹುಡುಗಿಯ ಕೈ ಜಾರಿ ಗಾಜಿನ ಜಗ್ಗು ಒಡೆದು ಚೂರಾಯಿತು. "ಹೋಗ್ಲಿ ಬಿಡು ತಾಯಿ, ಹಳೇದು." ಹಳೇದಂತೆ! ಅದನ್ನೇ ಮೇಸ್ತ್ರಿ ಒಡೆದಿದ್ದರೆ ಅವನ ಮೂರು ತಲೆಮಾರಿನ ಜಾತಕ ಹೊರಗೆ ಬರುತ್ತಿತ್ತು.

"ಏನೇ ಇದು ಹೊಸ ನಾಟಕ?" ಅಂತ ಅವನು ಕೇಳಿಯೇಬಿಟ್ಟ.

"ನಾಟಕ ಅಲ್ಲ ರೀ. ತಾಯಿ ಇಲ್ಲದ ಹುಡುಗಿ. ನನ್ನ ನಾಲಿಗೆ ನನಗೆ ಗೊತ್ತಿಲ್ವಾ? ಒಂದು ಮಾತು ಹೆಚ್ಚುಕಮ್ಮಿ ಆದ್ರೆ ಅದು ಯಾರ ಹತ್ರ ಹೋಗಿ ಅಳಬೇಕು?"

ಸೊಸೆಯೂ ಅಷ್ಟೇ. ಸೋಫಾದ ತುದಿಯಲ್ಲಿ, ಡಾಕ್ಟರ ಬಾಗಿಲಲ್ಲಿ ಸರದಿಗೆ ಕಾಯುವವರ ಹಾಗೆ ಕೂರುತ್ತಿದ್ದಳು. ಏನು ಕೇಳಿದರೂ "ಪರವಾಗಿಲ್ಲ ಅತ್ತೆ, ಪರವಾಗಿಲ್ಲ ಮಾವ." ಜನ ಕೂರುವುದನ್ನು ನೋಡಿಯೇ ಆಯುಷ್ಯ ಕಳೆದವನು ಮೇಸ್ತ್ರಿ. ಬೆನ್ನು ಒರಗಿಸದವರು ಮನೆಯವರಾಗಿಲ್ಲ ಎನ್ನುವುದನ್ನು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಈ ಹುಡುಗಿ ಎಲ್ಲಿ ಜೀವನಪೂರ್ತಿ ನಮ್ಮ ಮನೆಯಲ್ಲಿ ನೆಂಟಳಾಗಿಯೇ ಉಳಿದುಬಿಡುತ್ತಾಳೋ ಅಂತ ಅವನ ಹೆದರಿಕೆ.

ಅಷ್ಟರಲ್ಲಿ ಅವಳ ವಾಚು ಕಳೆಯಿತು. ಅವಳ ತಾಯಿ ಕಟ್ಟುತ್ತಿದ್ದ ವಾಚು ಅದು. ಪುಟ್ಟ ದುಂಡು ಮುಖ, ಕಪ್ಪು ಚರ್ಮದ ಪಟ್ಟಿ, ಆರರ ಅಂಕಿ ಸವೆದು ಅಳಿಸಿಹೋಗಿತ್ತು. ತಾಯಿಯದೆಂದು ಅವಳ ಹತ್ತಿರ ಉಳಿದಿದ್ದದ್ದು ಅದೊಂದೇ. ಹುಡುಗಿ ಅಳಲಿಲ್ಲ, ಗಲಾಟೆ ಮಾಡಲಿಲ್ಲ. ಮನೆಯ ಮೂಲೆ ಮೂಲೆಯನ್ನೂ ಗುಡಿಸಿ ಗುಡಿಸಿ ನೋಡಿ, ಬರಿದಾದ ಮಣಿಕಟ್ಟನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡು ನಿಂತಳು. ನೋಡಲಾರದೆ ಮೇಸ್ತ್ರಿ ಬಾಯಿ ಹಾಕಿದ. "ನಮ್ಮನೇಲಿ ಏನು ಕಳೆದರೂ ಸೋಫಾದಲ್ಲೇ ಇರುತ್ತೆ ಮಗಳೇ. ರಜೆ ಬರಲಿ. ನಾನು ಮಾತು ಕೊಡ್ತೀನಿ, ಸಿಕ್ಕೇ ಸಿಗುತ್ತೆ."

ಕೊಡಬಾರದಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ರಜೆ ಹತ್ತಿರ ಬಂದಾಗ, ಯಾರೂ ಇಲ್ಲದ ಒಂದು ಮಧ್ಯಾಹ್ನ, ಮೇಸ್ತ್ರಿ ಸೋಫಾದ ಒಂದು ತುದಿಯನ್ನು ಎತ್ತಿ ಕೆಳಗೆ ಮರದ ತುಂಡು ಕೊಟ್ಟ. ತಳದ ಮೂಲೆಯಲ್ಲಿ ಗೇಣುದ್ದ ಹೊಲಿಗೆ ಬಿಚ್ಚಿ, ಪ್ರತಿವರ್ಷದ ಹಾಗೆ ತನ್ನ ಕಳ್ಳ ಉಡುಗೊರೆಗಳನ್ನು ಇಳಿಬಿಟ್ಟ. ಮಗನಿಗೆ ಈಗಲೂ ಚಾಕೊಲೇಟೇ, ಹೆಂಡತಿಗೆ ಕೂದಲ ಕ್ಲಿಪ್ಪು. ಆಮೇಲೆ ಕೈಯನ್ನು ತೋಳಿನವರೆಗೂ ತೂರಿಸಿ ತಡಕಾಡಿದ. ಬಾಚಣಿಗೆ ಸಿಕ್ಕಿತು, ಚಮಚ ಸಿಕ್ಕಿತು. ವಾಚಿಲ್ಲ. ಸಂದಿನ ಉದ್ದಕ್ಕೂ ಮತ್ತೆ ಮತ್ತೆ ತಡಕಾಡಿದ. ಇಲ್ಲ ಅಂದರೆ ಇಲ್ಲ. ಅಲ್ಲೇ ನೆಲದ ಮೇಲೆ ತಲೆಗೆ ಕೈ ಕೊಟ್ಟು ಕೂತ.

ಆಮೇಲೆ ಎದ್ದು ಮೂಲೆಯ ಗಡಿಯಾರ ರಿಪೇರಿಯವನ ಹತ್ತಿರ ಹೋದ. ಪುಟ್ಟ ದುಂಡು ಮುಖದ ಹಳೇ ವಾಚು ಹುಡುಕಿಸಿ, ಕಪ್ಪು ಪಟ್ಟಿ ಹಾಕಿಸಿ, ಒಂದು ಅಂಕಿಯನ್ನು ಉಜ್ಜಿಸಿ ಅಳಿಸಿದ. ತಂದು ಸೋಫಾದ ಒಳಗೆ ಬಿಟ್ಟು, ಯಾರಿಗೂ ಗೊತ್ತಾಗದಂತೆ ಸಣ್ಣ ಹೊಲಿಗೆ ಹಾಕಿ ಮುಚ್ಚಿದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ!

ಆ ದಿನ ಬಂತು. ಚಹಾ ಆಯಿತು. ಅಪ್ಪ ಮಗ ಸೇರಿ "ಹೂಂ, ಎತ್ತು" ಅಂತ ಸೋಫಾವನ್ನು ಬೋರಲು ಹಾಕಿದರು. ತಳ ನೋಡಿದವನೇ ಮೇಸ್ತ್ರಿ ಕತ್ತರಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದ.

ಒಂದು ಮೂಲೆಯಲ್ಲಿ ಅವನ ಹೊಲಿಗೆ, ಸರಿ. ಎದುರಿನ ಮೂಲೆಯಲ್ಲಿ ಫಳಫಳ ಹೊಳೆಯುವ ಪಿನ್ನುಗಳ ಸಾಲು. ಹಿಂಬದಿಯಲ್ಲಿ ಕೆಂಪು ದಾರದ ಒತ್ತಾದ ಹೊಲಿಗೆ. ಮುಂಬದಿಯಲ್ಲಿ ಬಿಳಿ ದಾರ, ಕೋಳಿ ಕೆದರಿದ ಹಾಗೆ ಅತ್ತ ಒಂದು ಇತ್ತ ಒಂದು. ಪಿನ್ನು ಹೊಡೆಯುವವನು ಈ ಮನೆಯಲ್ಲಿ ಒಬ್ಬನೇ. ಅಂಗಡಿಯಲ್ಲಿ ಅಪ್ಪನ ಸೂಜಿಯನ್ನು ಗೇಲಿ ಮಾಡಿ ಮೆಷಿನ್ನು ಹಿಡಿಯುವ ಮಗ. ಕೆಂಪು ದಾರ ಕುಶನ್ ಕವರು ಹೊಲಿಯುವ ಹೆಂಡತಿಯದು. ಬಿಳಿ ದಾರ ಯಾರದೋ ತಿಳಿಯಲಿಲ್ಲ.

"ಯಾರು ಇದಕ್ಕೆ ಕೈ ಹಾಕಿದ್ದು?" ಅಂದ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಮಗ ಕಿಟಕಿಯ ಕಡೆ ತಿರುಗಿದ, ಹೆಂಡತಿ ಖಾಲಿ ಲೋಟ ಎತ್ತಿಕೊಂಡು ಅಡುಗೆಮನೆಗೆ ಹೊರಟಳು. ಮೇಸ್ತ್ರಿಗೂ ಹೆಚ್ಚು ಕೇಳುವ ಧೈರ್ಯವಿಲ್ಲ, ತನ್ನ ಹೆಗಲೂ ಅಷ್ಟೇನು ಚೊಕ್ಕಟವಿರಲಿಲ್ಲವಲ್ಲ. ಬೇಗ ಬೇಗ ತನ್ನ ಮೂಲೆ ಬಿಚ್ಚಿ, ಕೈ ಹಾಕಿ, ವಾಚನ್ನು ಎತ್ತಿ ಹಿಡಿದ.

"ಅಯ್ಯೋ ಅಯ್ಯೋ! ಇಲ್ಲಿ ನೋಡಿ ಏನು ಸಿಕ್ತು! ನಾನು ಹೇಳಿರಲಿಲ್ವಾ?"

"ಅದಲ್ಲಾ ರೀ!" ಅಂತ ಹೆಂಡತಿ ಕಿರುಚಿ, ಕೂಡಲೇ ನಾಲಿಗೆ ಕಚ್ಚಿಕೊಂಡಳು.

"ಅಲ್ಲ ಅಂದ್ರೆ?"

ಇನ್ನೇನು ಮುಚ್ಚಿಡುವುದು? ಅವಳೇ ಬಂದು ಕೆಂಪು ದಾರ ಹರಿದು ಇನ್ನೊಂದು ವಾಚು ತೆಗೆದಳು. ಮೇಸ್ತ್ರಿಗೆ ಅದರ ಗುರುತು ಸಿಕ್ಕಿತು. ಮದುವೆಯ ದಿನ ಅವಳ ಕೈಯಲ್ಲಿದ್ದ ವಾಚು, ಬೀರುವಿನಲ್ಲಿ ಯಾರಿಗೂ ಮುಟ್ಟಲು ಕೊಡದೆ ಇಟ್ಟಿದ್ದದ್ದು. "ಬಿಚ್ಚಿದೆ, ಆದ್ರೆ ಒಳಗೆ ಹುಡುಕೋಕೆ ನನಗೆ ಭಯ ಆಯ್ತು ರೀ. ಇಲ್ದೇ ಹೋದ್ರೆ? ಅದಕ್ಕೇ ಇದನ್ನ ಹಾಕ್ಬಿಟ್ಟೆ."

ಮಗ ಕಿಟಕಿಯ ಕಡೆಯಿಂದಲೇ ಹೇಳಿದ. "ಅಪ್ಪಾ, ಆ ಪಿನ್ನೂ ತೆಗೆದುಬಿಡು." ತೆಗೆದರೆ ಹೊಚ್ಚ ಹೊಸ ವಾಚು, ಗಾಜಿನ ಮೇಲಿನ ಪ್ಲಾಸ್ಟಿಕ್ಕು ಕೂಡ ಕಿತ್ತಿಲ್ಲ. ಎಂಥ ಬುದ್ಧಿವಂತನನ್ನು ಹೆತ್ತೆ ಅಂತ ಮೇಸ್ತ್ರಿ ಅವನನ್ನೇ ನೋಡಿದ.

ಸೊಸೆ ನೆಲದ ಮೇಲೆ ಕೂತು ಒಂದೊಂದೇ ವಾಚನ್ನು ಅಂಗೈಯಲ್ಲಿಟ್ಟು ನೋಡಿದಳು. "ಮಾವ, ಅಮ್ಮನ ವಾಚಲ್ಲಿ ಅಳಿಸಿದ್ದು ಆರು. ಇದರಲ್ಲಿ ಒಂಬತ್ತು ಅಳಿಸಿದೆ" ಅಂದಳು ಮೆಲ್ಲಗೆ. "ಅದು ಇದರಲ್ಲಿಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು. ಆ ಬಿಳಿ ದಾರ ನಂದು. ತಡೆಯೋಕಾಗದೆ ಒಂದು ದಿನ ಬಿಚ್ಚಿ ನೋಡಿದೆ. ಬಸ್ಸಲ್ಲೇ ಬಿದ್ದಿರಬೇಕು. ನೀವೆಲ್ಲ ಈ ದಿನಕ್ಕೆ ಅಷ್ಟು ಕಾಯ್ತಿದ್ರಿ, ಹೇಳಿ ಯಾಕೆ ಬೇಜಾರು ಮಾಡೋದು ಅಂತ ಸುಮ್ಮನಿದ್ದೆ."

"ತಪ್ಪಾಯ್ತು ಮಗಳೇ. ಮಾತು ಕೊಟ್ಟವನು ನಾನು." ಅಂದ ಮೇಸ್ತ್ರಿ.

"ಪರವಾಗಿಲ್ಲ ಮಾವ."

ಮತ್ತೆ ಅದೇ ಪರವಾಗಿಲ್ಲ! ವಾಚು ಸಿಗದ ದುಃಖಕ್ಕಿಂತ ಆ ಮಾತೇ ಅವನಿಗೆ ಹೆಚ್ಚು ಚುಚ್ಚಿತು. ಒಬ್ಬಳೇ ಹುಡುಕಿ, ಒಬ್ಬಳೇ ಅತ್ತು, ಒಬ್ಬಳೇ ಹೊಲಿದು ಮುಚ್ಚಿದ್ದಾಳೆ ಈ ಹುಡುಗಿ. ಅವನಿಗೆ ಏನು ತೋಚಿತೋ, ಬಿಳಿ ದಾರವನ್ನೂ ಕತ್ತರಿಸಿ, ಒಳಗಿದ್ದುದನ್ನೆಲ್ಲ ಹೊರಗೆ ತೆಗೆದು, ಡಬ್ಬಿಯಿಂದ ಬಾಗಿದ ಸೂಜಿಗಳನ್ನು ತೆಗೆದು ಎಲ್ಲರ ಕೈಗೂ ಒಂದೊಂದು ಕೊಟ್ಟ. "ಕಟ್ಟಳೆ ಮುರಿದಿದ್ದೀರ, ಎಲ್ಲರೂ ಕಳ್ಳರೇ. ಯಾರು ಎಲ್ಲಿ ಬಿಚ್ಚಿದರೋ ಅವರೇ ಅಲ್ಲಿ ಹೊಲೀಬೇಕು. ಪಿನ್ನು ಗಿನ್ನು ನಡೆಯಲ್ಲ."

ಬೋರಲು ಬಿದ್ದ ಸೋಫಾದ ಸುತ್ತ ನಾಲ್ವರೂ ಕೂತು ಹೊಲಿಯತೊಡಗಿದರು. ಮಗ ಬೆರಳು ಚುಚ್ಚಿಕೊಂಡು ಬೈಸಿಕೊಂಡ. ಸೊಸೆ ತಲೆ ತಗ್ಗಿಸಿ ಮಾರುದ್ದದ ದಾರ ಎಳೆದು, ಬೆರಳುದ್ದದ ಒಂದು ಹೊಲಿಗೆ, ಗಂಟು, ಇನ್ನೊಂದು ಹೊಲಿಗೆ. ಎದುರಿನಿಂದ ಅತ್ತೆ ನೋಡಿದಳು, ಮುಖ ತಿರುಗಿಸಿದಳು, ಮತ್ತೆ ನೋಡಿದಳು. ತುಟಿ ಬಿಗಿದಳು. ಕೊನೆಗೆ ಕಟ್ಟೆ ಒಡೆಯಿತು.

"ಅಯ್ಯೋ ಏನೇ ಅದು! ಹೊಲಿಗೇನಾ, ಮೂಟೆ ಕಟ್ತಿದ್ದೀಯಾ? ಆ ಸಂದಲ್ಲಿ ಆನೆಮರಿ ಆಚೆ ಬರುತ್ತೆ! ಅಷ್ಟುದ್ದ ದಾರ ಯಾರಾದ್ರೂ ಹಾಕ್ತಾರೇನೇ? ಓದಿದ್ದೀಯ ಅಂತಾರೆ, ಗಂಟು ಹಾಕೋಕೆ ಬರಲ್ವಾ? ಆವತ್ತು ಆ ಜಗ್ಗು ಒಡೆದೆ, ನನ್ನ ಅಷ್ಟು ಚೆಂದದ ಜಗ್ಗು, ಆಗ್ಲೇ ಹೇಳಬೇಕಿತ್ತು ನಿನಗೆ, ಕೈಯಲ್ಲಿ ನಿಗಾ ಇಲ್ಲ ಅಂತ!"

ಹೇಳಿಬಿಟ್ಟು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಸೊಸೆಯ ಸೂಜಿ ನಿಂತಿತ್ತು, ಕಣ್ಣಲ್ಲಿ ನೀರು ತುಂಬಿ ಕೆನ್ನೆಗಿಳಿಯಿತು. ಕೆಟ್ಟಿತು ಕೆಲಸ, ಅಂದುಕೊಂಡ ಮೇಸ್ತ್ರಿ.

"ಅತ್ತೆ," ಅಂದಳು ಹುಡುಗಿ. "ನಮ್ಮಮ್ಮ ಹೀಗೇ ಬೈತಿದ್ಲು. ಥೇಟ್ ಹೀಗೇ. ಇನ್ನೊಂದು ಸಲ ಬೈರಿ."

ಹಾಲಿನವನನ್ನು, ಗಂಡನನ್ನು, ಮಗನನ್ನು, ಇಡೀ ಬೀದಿಯನ್ನು ಬೈದ ಬಾಯಿ ಅದು. ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ಒಂದು ಬೈಗುಳವೂ ಬರಲಿಲ್ಲ. ರೇಡಿಯೊ ಕೆಟ್ಟು ನಿಂತಿತು. ನೆಲದ ಮೇಲೆಯೇ ಜರುಗಿ ಜರುಗಿ ಸೊಸೆಯ ಹತ್ತಿರ ಹೋಗಿ, ಅವಳ ಕೈಮೇಲೆ ತನ್ನ ಕೈಯಿಟ್ಟು ಸೂಜಿಯನ್ನು ಸರಿಯಾಗಿ ಹಿಡಿಸಿದಳು. ಆಮೇಲೆ, ಅಳುತ್ತಲೇ, ದನಿ ಬಂತು.

"ದಾರ ಗಿಡ್ಡ ಕತ್ತರಿಸ್ಕೊಳ್ಳೇ, ಕತ್ತೆ."

ಹುಡುಗಿ ನಗುತ್ತ ಅಳುತ್ತ ಹಿಂದಕ್ಕೆ ಒರಗಿ, ಅತ್ತೆಯ ಹೆಗಲಿಗೆ ಬೆನ್ನು ಕೊಟ್ಟು ದಾರ ಕತ್ತರಿಸಿದಳು. ಮೇಸ್ತ್ರಿಯ ಮೂಲೆಯಲ್ಲಿ ಇನ್ನು ನಾಲ್ಕಾರು ಹೊಲಿಗೆ ಮಾತ್ರ ಉಳಿದಿತ್ತು. ಅವನು ಅದನ್ನು ಮುಗಿಸುವ ಆತುರ ಮಾಡಲಿಲ್ಲ.