ಇಪ್ಪತ್ತೊಂದು ಸಮ್ಮತಿಗಳು

ತಂಬೂರಿನ ಶಿವಗಂಗಾ ತನ್ನ ಮೂವತ್ತನೆಯ ವಯಸ್ಸಿನಲ್ಲಿ ಒಂದು ತಾಸನ್ನು ಸಂಪಾದಿಸಿದಳು. ನಲವತ್ತೊಂದರವರೆಗೆ ಅದನ್ನು ಕಾಪಾಡಿಕೊಂಡು ಬಂದಳು. ಶಾಲೆ ಬಿಟ್ಟ ಮೇಲೆ, ನಾಲ್ಕೂವರೆಯಿಂದ ಐದೂವರೆಯ ತನಕ, ಊರಿನ ಹುಡುಗಿಯರು ಶಾಲೆಯ ಬಯಲಿನಲ್ಲಿ ಖೋಖೋ ಆಡುವ ತಾಸು ಅದು. ಹಗಲೆಲ್ಲ ಕುಪ್ಪಸ ಹೊಲಿಯುವ ಈ ಹೆಂಗಸಿಗೆ ಅದನ್ನು ಯಾವ ಇಲಾಖೆಯೂ ದಯಪಾಲಿಸಿರಲಿಲ್ಲ. ಮನೆಮನೆಯ ಕಟ್ಟೆಯ ಮೇಲೆ ಕುಳಿತು ಒಬ್ಬೊಬ್ಬ ತಾಯಿಯಿಂದ ಬೇಡಿ ತಂದಿದ್ದಳು.

ಕಳೆದ ವರ್ಷ ಆ ಬಯಲಿಗೆ ಅಭಿವೃದ್ಧಿ ಬಂದಿಳಿಯಿತು. ಹೊರದೇಶದ ನೆರವಿನ ಒಂದು ಸಂಸ್ಥೆ, ಸಮಾನತೆಯ ಹೆಸರಿನ ಒಂದು ಬ್ಯಾನರು, ಅದರ ಹಿಂದೆ ಮೈಸೂರು ಕಡೆಯ ಡಾಕ್ಟರ್ ಗೌರೀಶ. ಹಳ್ಳಿಯವರನ್ನು ಪ್ರಶ್ನಿಸುವುದು ಹಳೆಯ ಸಂಶೋಧನೆ, ಹಳ್ಳಿಯವರೇ ಉತ್ತರ ಕಂಡುಕೊಳ್ಳುವುದು ಸಹಭಾಗಿ ಸಂಶೋಧನೆ ಎಂದು ಅವರು ವಿವರಿಸಿದರು. ಉತ್ತರ ಮಾತ್ರ ಮೊದಲೇ ಅಚ್ಚಾಗಿ ಬಂದಿತ್ತು: ಸಂಜೆ ಆರರಿಂದ ಏಳು, ಗಂಡು ಹೆಣ್ಣು ಕೂಡಿ ಫುಟ್‌ಬಾಲ್.

ಇಪ್ಪತ್ಮೂರು ತಾಯಂದಿರನ್ನು ಜಮಖಾನೆಯ ಮೇಲೆ ಕೂಡಿಸಿ, ಆಟಗಳ ಚಿತ್ರಗಳಲ್ಲಿ ಮೆಚ್ಚಿದ್ದರ ಮುಂದೆ ಹುಣಸೆ ಬೀಜ ಇಡಿಸಲಾಯಿತು. ಮಕ್ಕಳ ಕೈಯಲ್ಲಿ ಇದನ್ನೇ ಮಾಡಿಸಿದರೆ ಬಾಲವಾಡಿ ಎನ್ನುತ್ತಾರೆ. ಕೊನೆಗೆ ಗೌರೀಶ ಕೇಳಿದರು: "ಮಗಳನ್ನು ಕಳಿಸುತ್ತೀರಾ, ಅಮ್ಮ?"

ಬಸವಣ್ಣೆವ್ವ ಸೆರಗು ಸರಿಪಡಿಸಿಕೊಂಡು, "ನೋಡೂಣ್ರಿ ಸರ," ಅಂದಳು.

"ನೋಡೂಣ್ರಿ," ಅಂದಳು ಬಾಜೂದವಳು. ಹೀಗೆ ಇಪ್ಪತ್ತೊಂದು ಬಾಯಿ. ಉಳಿದ ಇಬ್ಬರು ಒರಟರು, "ಒಲ್ಲೆನ್ರಿ" ಅಂದುಬಿಟ್ಟರು.

ಈ ಸೀಮೆಯಲ್ಲಿ ಕನ್ಯೆ ನೋಡಲು ಬಂದವರು ಅವಲಕ್ಕಿ ತಿಂದು "ನೋಡೂಣ್ರಿ" ಎಂದು ಎದ್ದರೆ, ಕನ್ಯೆಯ ತಂದೆ ಮರುದಿನವೇ ಬೇರೆ ವರನನ್ನು ಹುಡುಕಲು ಹೊರಡುತ್ತಾನೆ. ಎದುರಿಗೆ ಕುಳಿತವರ ಮುಖ ಮುರಿಯಲಾರದವರ "ಇಲ್ಲ" ಅದು. ಗೌರೀಶ ಇಪ್ಪತ್ತೊಂದು ಸಮ್ಮತಿ ಬರೆದುಕೊಂಡರು.

ಶಿವಗಂಗಾ ಜೀಪಿನ ತನಕ ಹಿಂದೆಯೇ ಹೋದಳು. "ಸರ, ಅದು ಒಲ್ಲೆ ಅಂದಂಗರಿ. ಹೊತ್ತು ಮುಳುಗಿದ ಮ್ಯಾಲೆ ಹುಡಿಗ್ಯಾರನ್ನ ಯಾರೂ ಕಳಸೂದಿಲ್ರಿ."

"ಅವರ ದನಿಯನ್ನು ನೀವು ಕಸಿಯಬಾರದು, ಶಿವಗಂಗಾ ಅವರೇ. ನಮ್ಮ ಪದ್ಧತಿಯಲ್ಲಿ ಜನ ಹೇಳಿದ್ದೇ ಪ್ರಮಾಣ."

"ಜನಾ ಏನ ಹೇಳಿದ್ರು ಅನ್ನೂದು ಮೊದ್ಲ ತಿಳೀಬೇಕಲ್ರಿ!"

ಗೌರೀಶ ಮುಗುಳ್ನಕ್ಕು ಅದನ್ನೂ ಬರೆದುಕೊಂಡರು: ಸ್ಥಳೀಯ ನಾಯಕತ್ವದ ಅಸಹಕಾರ.

ತೂಗುವ ಮೊದಲು ಬರಿಯ ತಕ್ಕಡಿ ಸಮ ನಿಂತಿದೆಯೇ ಎಂದು ಸಂತೆಯ ಮೆಣಸಿನಕಾಯಿ ವ್ಯಾಪಾರಿಯೂ ನೋಡುತ್ತಾನೆ. ವಿದ್ವಾಂಸರಿಗೆ ಆ ತೊಂದರೆ ಬೇಕಿರಲಿಲ್ಲ. ಶೇಕಡಾ ತೊಂಬತ್ತೊಂದು ಬಿಂದು ಮೂರು ಎಂದು ದಶಾಂಶದವರೆಗೆ ಲೆಕ್ಕ ಒಪ್ಪಿಸಿದರು. ತಪ್ಪಿಗೂ ಅಷ್ಟು ನಿಖರತೆ ದಕ್ಕಿತು.

ಬಯಲು ದಿನವಿಡೀ ಸಂಸ್ಥೆಯ ಸುಪರ್ದಿಗೆ ಹೋಯಿತು. ಖೋಖೋ ಕಂಬ ಕಿತ್ತು ಗೋಲಿನ ಚೌಕಟ್ಟು ನೆಟ್ಟರು. ಮೊದಲ ವಾರ ಹದಿನಾಲ್ಕು ಹುಡುಗರು ಬಂದರು. ಹುಡುಗಿಯರು ಒಬ್ಬರೂ ಇಲ್ಲ. ವರದಿ ಇದನ್ನು "ಸಾಂಸ್ಕೃತಿಕ ಪ್ರತಿರೋಧ" ಎಂದು ಕರೆದು, ಅದರ ಕಾರಣ ಹುಡುಕಲು ಎರಡನೆಯ ಅಧ್ಯಯನ ಬೇಕೆಂದು ಶಿಫಾರಸು ಮಾಡಿತು. ಶಿವಗಂಗಾಳಿಗೂ ಒಂದು ಪ್ರತಿ ಬಂತು, ಒಳಪುಟದಲ್ಲಿ ಅವಳ ಹೆಸರು: ಸಹಸಂಶೋಧಕಿ. ಹೊದಿಕೆಯ ರಟ್ಟು ಗಟ್ಟಿಯಾಗಿತ್ತು. ಕುಪ್ಪಸದ ಕೊರಳಿನ ಅಳತೆ ಕತ್ತರಿಸಿ ಇಟ್ಟುಕೊಳ್ಳಲು ಬಂತು. ಆ ಸಂಶೋಧನೆಯಿಂದ ಊರಿಗೆ ಆದ ಉಪಕಾರ ಅದೊಂದೇ.

ಹೋದ ತಾಸು ಮಾತ್ರ ಹೋಗಿಯೇ ಹೋಯಿತು. ಶಿವಗಂಗಾ ಮತ್ತೆ ಕಟ್ಟೆಯಿಂದ ಕಟ್ಟೆಗೆ ಅಲೆದಳು. ಬಸವಣ್ಣೆವ್ವ ಮನೆಯ ಹಿಂದಿನ ಕಣ ಬಿಟ್ಟುಕೊಟ್ಟಳು; ಸಂಜೆ ಅಲ್ಲಿ ದನ ಕಟ್ಟುತ್ತಾರೆ, ಮುಂಜಾನೆ ಮಾತ್ರ ಖಾಲಿ. ಕೊನೆಗೆ ಉಳಿದವಳು ರಜಿಯಾಬಿ. ಅವಳ ಮಗಳು ಖುಷ್ಬೂ ಇಲ್ಲದೆ ತಂಡವೇ ಇಲ್ಲ.

"ರಜಿಯಾಕ್ಕ, ಮುಂಜಾನಿ ಆರಕ್ಕ ಖುಷ್ಬೂನ ಕಳಸ್ತೀಯೇನು?"

ರೊಟ್ಟಿ ಬಡಿಯುತ್ತಿದ್ದ ರಜಿಯಾಬಿ ತಲೆ ಎತ್ತಲಿಲ್ಲ. "ನಿನಗ ಬ್ಯಾರೆ ಉದ್ಯೋಗ ಇಲ್ಲೇನಬೇ? ಆರಕ್ಕ ನಳ ಬರ್ತಾವು. ಕೊಡಾ ಯಾರು ಹೊರಬೇಕು, ನಿಮ್ಮಪ್ಪ ಬರ್ತಾನೇನು?"

ಶಿವಗಂಗಾಳ ಜೀವ ಹಗುರಾಯಿತು. "ನೋಡೂಣು" ಅನ್ನಲಿಲ್ಲ; ಜಗಳಕ್ಕೆ ನಿಂತವಳು ಬಾಗಿಲು ಹಾಕಿಲ್ಲ.

"ಹಂಗಾರ ನೀರು ತುಂಬಿಸ್ಕೊಂಡ ಕಳಸು. ಆರೂವರಿ."

"ಏಳಕ್ಕ ಬಿಡಬೇಕು. ತಡಾ ಆತಂದ್ರ ಕಣಕ್ಕ ಬಂದು ನಿನ್ನ ಹೆರಳು ಹಿಡದು ಎಳೀತೀನಿ."

"ಏಳೂಕಾಲು."

ರಜಿಯಾಬಿ ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿದಳು.

"ಏಳೂ ಹತ್ತು. ಒಂದ ನಿಮಿಷ ಹೆಚ್ಚಿಲ್ಲ."