ಎದ್ದ ಮೇಲೆ ಊಟ

ಸರ್ವರ್ ಕಾಕಾ ಅವರ ಎಡಗೆನ್ನೆಯ ಮೇಲೆ ಆಗಾಗ ಸಣ್ಣ ಚುಕ್ಕಿಗಳ ಅಚ್ಚು ಮೂಡಿರುತ್ತಿತ್ತು. ಬೇಗಂಪೇಟೆಯ ನಮ್ಮ ಪುಟ್ಟ ಆಫೀಸಿನಲ್ಲಿದ್ದ ಹಳೆಯ ಸರ್ವರಿನ ಜಾಲರಿಗೆ ಕಿವಿ ಒತ್ತಿ ನಿಂತು ಫ್ಯಾನಿನ ಸದ್ದು ಕೇಳುವುದು ಅವರ ಅಭ್ಯಾಸ. ಸ್ಕ್ರೀನ್ ನೋಡಿದರೆ ಸಾಲದೇ ಎಂದು ನಾನು ಕೀಟಲೆ ಮಾಡಿದರೆ, "ಬರೇ ಮಾರಿ ನೋಡಿದ್ರ ಆಗೂದಿಲ್ಲವಾ, ಎದೀನೂ ಕೇಳಬೇಕು" ಎನ್ನುತ್ತಿದ್ದರು. ವಿಜಯಪುರದ ಕಡೆಯವರು. ಮೈಸೂರಿನಿಂದ ಬಂದ ನನಗೆ, ತೆಲುಗಿನವರೇ ತುಂಬಿದ್ದ ಆ ಆಫೀಸಿನಲ್ಲಿ, ಕನ್ನಡ ಕಿವಿಗೆ ಬೀಳುತ್ತಿದ್ದುದು ಅವರೊಬ್ಬರ ಬಾಯಿಂದ. ಕೆಲಸ ಕಲಿಸಿದವರೂ ಅವರೇ.

ಬೇರೆ ಯಾರಾದರೂ ಆ ಸರ್ವರನ್ನು ಎಂದೋ ಗುಜರಿಗೆ ಹಾಕುತ್ತಿದ್ದರು. ಹೊಸದರ ಮಾತೆತ್ತಿದರೆ ನಮ್ಮ ಮಾಲೀಕರು ಮೌನವ್ರತ ಹಿಡಿಯುತ್ತಿದ್ದರು. ಅದನ್ನು ನಡೆಸುತ್ತಿದ್ದ ತಂತ್ರಾಂಶವಾದ ಲಿನಕ್ಸ್‌ನ ಕಾಲ ಮುಗಿದಾಗ, ಹೊಸ ಲಿನಕ್ಸ್ ಹಾಕದಿದ್ದರೆ ಆಫೀಸಿನ ಕೆಲಸವೇ ನಿಲ್ಲುವ ಹಾಗಾಯಿತು. ಹಾಕಲು ಹೋದರೆ ಅದರ ಕಣ್ಣಿಗೆ ಡಿಸ್ಕುಗಳೇ ಬೀಳಲಿಲ್ಲ. ಡಿಸ್ಕುಗಳನ್ನು ನಡೆಸುವ ಹಳೆಯ ಕಾರ್ಡಿನ ಜೊತೆ ಮಾತಾಡುವ ಡ್ರೈವರ್ ಎಂಬ ಪುಟ್ಟ ಪ್ರೋಗ್ರಾಮನ್ನು ಹೊಸ ಲಿನಕ್ಸ್‌ನಲ್ಲಿ ಕೈಬಿಟ್ಟಿದ್ದರು. ಕಾಕಾ ಆ ಡ್ರೈವರನ್ನು ಎಲ್ಲಿಂದಲೋ ಹುಡುಕಿ ತಂದು ಸೇರಿಸಿದರು. ಅಂದಿನಿಂದ, ಲಿನಕ್ಸ್‌ನ ತಿರುಳಾದ ಕರ್ನಲ್ ಹೊಸದಾಗಿ ಬಂದಾಗಲೆಲ್ಲ ಆ ಹಳೆಯ ಡ್ರೈವರ್ ಅದಕ್ಕೆ ಒಗ್ಗಿ ಮಷೀನು ಮತ್ತೆ ಏಳುತ್ತದೋ ಇಲ್ಲವೋ ಎಂಬ ಭಯ.

ಅದಕ್ಕೇ ಕಾಕಾ ಒಂದು ಕಟ್ಟಳೆ ಮಾಡಿಕೊಂಡಿದ್ದರು. ರೀಸ್ಟಾರ್ಟ್ ಮಾಡಿದ ದಿನ, ಸರ್ವರ್ ಎದ್ದ ಮೇಲೆಯೇ ಊಟ. ಅವರ ಹೆಂಡತಿ, ನಮ್ಮ ಕಾಕಿ, ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿಯ ಡಬ್ಬಿ ಅಲ್ಲಿಯವರೆಗೆ ಮುಚ್ಚಿಯೇ ಇರುತ್ತಿತ್ತು. ಮಷೀನು ಒಮ್ಮೆ ಭೋರೆಂದು, ಆಮೇಲೆ ಸ್ಕ್ರೀನ್ ಕಪ್ಪಾಗಿಸಿಕೊಂಡು ಕೂತುಬಿಡುತ್ತಿತ್ತು. ಮೊದಲ ಸಲ ನಾನು ತಾಳಲಾರದೆ ಪವರ್ ಬಟನ್ನಿಗೆ ಕೈ ಹಾಕಿದಾಗ ತಡೆದರು.

"ಸತ್ತಿಲ್ಲವಾ ಅದು. ಮೈ ತಪಾಸ ಮಾಡ್ಕೊಳ್ಳಾಕತ್ತೈತಿ. ಭಾಳ ಹಳೇದು, ಏಳಾಕ ಹೊತ್ತು ಹಿಡೀತೈತಿ. ನಡುವ ಕೈ ಹಚ್ಚಬಾರ್ದು."

ಹೋದ ವರ್ಷ ಅವರಿಗೆ ಹೃದಯದ ಆಪರೇಷನ್ ಆಯಿತು. ಆಸ್ಪತ್ರೆಯ ಬೆಂಚಿನ ಮೇಲೆ ಕಾಕಿಯ ಪಕ್ಕ ಕೂತಿದ್ದೆ. ಆಪರೇಷನ್ ಮುಗಿದಿತ್ತು, ಕಾಕಾಗೆ ಇನ್ನೂ ಎಚ್ಚರ ಬಂದಿರಲಿಲ್ಲ. ಕಾಕಿಯ ಮಡಿಲಲ್ಲಿ ಅದೇ ಡಬ್ಬಿ. ಒಂದು ತುತ್ತು ತಿನ್ನಿ ಎಂದೆ.

"ಒಳಗ ಹೋಗುವಾಗ ಹೇಳಿ ಹೋಗ್ಯಾರವಾ, ನಾ ಎದ್ದ ಮ್ಯಾಲೆ ನೀ ಊಟ ಮಾಡು ಅಂತ" ಎಂದರು.

"ಏಳೋಕೆ ಹೊತ್ತು ಹಿಡಿಯುತ್ತೆ ಕಾಕಿ" ಎಂದು ಕಾಕಾ ಅವರ ಮಾತನ್ನೇ ಹೇಳಿದೆ. ನಂಬಿಯೇ ಹೇಳಿದೆ.

ಮಧ್ಯಾಹ್ನ ಡಾಕ್ಟರು ಹೊರಬಂದು ತೆಲುಗಿನಲ್ಲಿ ಮೆಲ್ಲಗೆ ಹೇಳಿದರು. ಕಾಕಿಗೆ ಬರುವುದು ತರಕಾರಿ ಕೊಳ್ಳುವಷ್ಟು ತೆಲುಗು. "ಏನಂದ್ರವಾ? ಎದ್ರೇನು?" ಎಂದು ನನ್ನ ಮುಖ ನೋಡಿದರು. ನನಗೆ ಅರ್ಥವಾಗಿತ್ತು. ಅದನ್ನು ಕನ್ನಡದಲ್ಲಿ ಹೇಳಲು ಅಲ್ಲಿ ನಾನೊಬ್ಬಳೇ ಇದ್ದೆ.

ಸರ್ವರ್ ಈಗಲೂ ಇದೆ, ನನ್ನ ವಶದಲ್ಲಿ. ಹೊಸ ಕರ್ನಲ್ ಹಾಕಿದಾಗಲೆಲ್ಲ ಜಾಲರಿಗೆ ಕಿವಿ ಒತ್ತಿ ಕಾಯುತ್ತೇನೆ. ನಡುವೆ ಕೈ ಹಚ್ಚುವುದಿಲ್ಲ. ಅದು ಏಳುತ್ತದೆ. ಸಮಾಧಾನಕ್ಕಿಂತ ಮೊದಲು ನನಗೆ ಸಿಟ್ಟು ಬರುತ್ತದೆ, ಇಷ್ಟು ಹಳೆಯದು ಏಳುತ್ತದಲ್ಲ, ಅವರೇಕೆ ಏಳಲಿಲ್ಲ ಎಂದು. ಆಮೇಲೆ ಕೆನ್ನೆ ಒರೆಸಿಕೊಂಡು ನನ್ನ ಊಟದ ಡಬ್ಬಿ ತೆರೆಯುತ್ತೇನೆ.