ಮೋಟಾರಿನೊಳಗಿನ ಗೋಡೆ

ಮೊನ್ನೆ ಶಹಾಪುರದ ಸಂತೆಯಲ್ಲಿ ಹೊಸ ಕಂಬಳಿ ಹೊದ್ದ ಮುದುಕನೊಬ್ಬ ಮಳೆಗೆ ಸಿಕ್ಕು ನನ್ನ ಪಕ್ಕ ಬಂದು ನಿಂತ. ಒದ್ದೆ ಉಣ್ಣೆ, ಹುಣಸೆಬೀಜದ ಗಂಜಿ… ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಡ್ರೈವರ್ ಕಾಕಾನ ಮೋಟಾರಿನಲ್ಲಿ ಕೂತಂತಾಯಿತು.

ಕಾಕಾ ನಮ್ಮ ಕೇರಿಯವ. ಕೇರಿ ಊರ ಹೊರಗಿತ್ತು. ಊರೊಳಗಿನವರು ನಮ್ಮ ನೆರಳನ್ನೂ ದೂರ ಇಡುತ್ತಿದ್ದರು. ಕಾಕಾ ಬಹಳ ವರ್ಷ ಜಾಗೀರದಾರರ ಮೋಟಾರು ನಡೆಸಿದ. ಅದರಲ್ಲಿ ಡ್ರೈವರಿಗೂ ಹಿಂದಿನ ಸೀಟಿಗೂ ನಡುವೆ ಕಟ್ಟಿಗೆಯ ಗೋಡೆ, ಅದಕ್ಕೊಂದು ಗಾಜಿನ ಕಿಂಡಿ. ನಿಜಾಮರ ರಾಜ್ಯ ಹೋಗಿ ಜಾಗೀರೂ ಹೋದಾಗ ಜಾಗೀರದಾರರು ಆ ಹಳೇ ಮೋಟಾರನ್ನು ಕಾಕಾನಿಗೇ ಬಿಟ್ಟು ಹೈದರಾಬಾದಿಗೆ ಹೋದರು. ನಮ್ಮೂರಿಂದ ಯಾದಗಿರಿ ಸ್ಟೇಶನ್ನಿಗೆ ಸರ್ವಿಸ್ ನಡೆಸುತ್ತೇನೆಂದು ಕಾಕಾ ಹೊರಟ.

ಊರ ಗೌಡರು ಕೆಮ್ಮಿ ಹೇಳಿದರು: “ನಡಸು, ಬ್ಯಾಡನ್ನಂಗಿಲ್ಲ. ಗ್ವಾಡಿ ಮಾತ್ರ ಇರ್ಲಿ. ನೀ ಅತ್ತಾಗ, ನಾವು ಇತ್ತಾಗ.”

ಕಾಕಾ ಸೀದಾ ಬಂದು ಗರಗಸ ಹುಡುಕಿದ. “ಅರ್ಧ ದಿನದ ಕೆಲಸ ಬಾರೋ,” ಎಂದ. ಮೆಟ್ರಿಕ್ಕಿಗೆ ಎರಡು ಸಲ ಡಿಕ್ಕಿ ಹೊಡೆದು ಮನೆಯಲ್ಲಿ ಕೂತಿದ್ದ ನನಗೂ ಬೇರೆ ಕೆಲಸವಿರಲಿಲ್ಲ.

ಗೋಡೆ ಕಿತ್ತು ಬಂತು. ಅದರ ಹಿಂದೆಯೇ ಮೋಟಾರಿನ ಟಾಪು ನಮ್ಮ ತಲೆಯ ಮೇಲೆ ಬಂತು. ಅಷ್ಟು ವರ್ಷ ಟಾಪು ಹೊತ್ತು ನಿಂತದ್ದೇ ಆ ಗೋಡೆ ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ಬಾಗಿಲು ಮುಚ್ಚಲೊಲ್ಲವು. ಗೋಡೆಯೊಳಗೇ ಇದ್ದ ಹಾರನ್ನಿನ ತಂತಿ ಗರಗಸಕ್ಕೆ ಸಿಕ್ಕು ತುಂಡಾಯಿತು. ಆವತ್ತಿನಿಂದ ಹಾರನ್ ನಾನೇ.

ಗೌಡರು ನೋಡಲು ಬಂದರು. “ನೋಡಿದೇನಪ? ಗ್ವಾಡಿ ಇಲ್ದ ನಿಲ್ಲಂಗಿಲ್ಲ.”

“ನಿಲ್ಲಸ್ತೀನ್ರಿ,” ಅಂದ ಕಾಕಾ.

ಸವಾರಿ ಬಂಡಿಗೆ ಮಾಡುವಂತೆ ಬಿದಿರು ಬಗ್ಗಿಸಿ ಕಮಾನು ಕಟ್ಟಿದೆವು. ದೇವಾಪುರದಿಂದ ಕಂಬಳಿ ತಂದು ಹೊದಿಸಿ, ನೀರು ಇಳಿಯಬಾರದೆಂದು ಹುಣಸೆಬೀಜದ ಗಂಜಿ ಬಳಿದೆವು. ಗಂಜಿಯ ಆಸೆಗೆ ನಮ್ಮನೆ ಆಡು ಮೇಲೇರಿ ನೆಕ್ಕತೊಡಗಿತು, ಕಮಾನು ಮುರಿಯಿತು. ಮತ್ತೆ ಬಿದಿರು, ಮತ್ತೆ ಗಂಜಿ… ಅರ್ಧ ದಿನದ ಕೆಲಸ ಶ್ರಾವಣ ದಾಟಿತು.

“ಆ ಗ್ವಾಡೀನ ವಾಪಸ್ ಹಚ್ಚಬಾರ್ದೇನ್ರಿ?” ಅಂದಳು ಕಾಕಾನ ಹೆಂಡತಿ.

“ಅದನ್ನ ಒಲಿಗಿ ಹಾಕು.”

ಹಾಕಿದಳು. ಆ ಬೆಂಕಿಯಲ್ಲಿ ಬೆಂದ ರೊಟ್ಟಿ ನಾನೂ ತಿಂದೆ.

ಮೊದಲ ದಿನ ಊರವರು ಯಾರೂ ಹತ್ತಲಿಲ್ಲ. ಕಾಕಾ ಹೆಂಡತಿಯನ್ನು ಹಿಂದಿನ ಸೀಟಿನ ನಟ್ಟನಡುವೆ ಕೂಡಿಸಿಕೊಂಡು ಸ್ಟೇಶನ್ನಿಗೆ ಹೋಗಿ ಬಂದ. ಮರುದಿನವೂ ಹಾಗೇ. ನಾನು ಕಿಟಕಿಯಿಂದ ತಲೆ ಹೊರಹಾಕಿ, ಖಾಲಿ ರಸ್ತೆಗೆ ಪೋಂ ಪೋಂ ಅನ್ನುತ್ತಿದ್ದೆ.

ಆಮೇಲೊಂದು ದಿನ ಜಡಿಮಳೆ. ಗೌಡರ ಬಂಡಿ ಎರೆಮಣ್ಣಿನಲ್ಲಿ ಹೂತು ನಿಂತಿತ್ತು. ಅವರಿಗೆ ರೈಲಿನ ಹೊತ್ತಾಗಿತ್ತು. ಕಾಕಾ ಮೋಟಾರು ನಿಲ್ಲಿಸಿದ. ಗೌಡರು ನಮ್ಮನ್ನು ನೋಡಿದರು, ಮುಗಿಲು ನೋಡಿದರು, ಕೆಮ್ಮುತ್ತ ಹತ್ತಿ ಸೀಟಿನ ತುಂಬ ಹರಡಿ ಕೂತರು. ಕಾಕಾನ ಹೆಂಡತಿ ಮೂಲೆಗೆ ಮುದುಡಿದಳು. ಕಾಕಾ ಗಾಡಿ ಬಿಡಲಿಲ್ಲ.

“ಆಚಿ ಸರೀರಿ ಗೌಡ್ರ. ಆಕಿಗಿ ಜಾಗ ಸಾಲವಲ್ದು.”

ಗೌಡರು ಸರಿದರು.

ಹೋದ ಬೇಸಿಗೆಯಲ್ಲಿ ಕಾಕಾ ತೀರಿಕೊಂಡ. ಚಹಾದಂಗಡಿಯಲ್ಲಿ ಮಂದಿ ಕೇಳಿದಾಗೆಲ್ಲ ಗೌಡರು ಸರಿದದ್ದನ್ನು ಮಾಡಿ ತೋರಿಸುತ್ತೇನೆ. ಆ ಕೆಮ್ಮು, ಧೋತರ ಹಿಡಿದು ಸೊಂಟ ಜರುಗಿಸಿದ ಪರಿ. ನಿನ್ನೆ ಗೌಡರ ಮಗನೂ ಬಂದು ನಿಂತಿದ್ದ, ನಗಲಿಲ್ಲ. ಕಾಕಾ ಇದ್ದಿದ್ದರೆ “ಸಾಕು ಬಿಡೋ” ಅಂತಿದ್ದ. ಹಾಗನ್ನುವವರು ಈಗ ಯಾರೂ ಇಲ್ಲ…

ಅವನೆದುರಿಗೇ ಇನ್ನೊಮ್ಮೆ ಮಾಡಿ ತೋರಿಸಿದೆ.